ಭಾವನ ಎಡಗೈ: ಕಿಡ್ನಿ ಫೇಲ್ ಆಗಿದೆ ಎಂದು ಗೊತ್ತಾದ ಒಂದು ಮನೆಯ ಪ್ರಕರಣ

ನನ್ನ ಅಕ್ಕ-ಭಾವ ಇರುವುದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಾಲ್ಕು ಎಕರೆ ತೆಂಗಿನ ತೋಟ, ಅಟ್ಟದ ತುಂಬ ಕೊಬ್ಬರಿ, ಎರಡು ಹಸು. 2023ರ ಫೆಬ್ರವರಿಯಲ್ಲಿ ಭಾವನ ಎರಡೂ ಕಿಡ್ನಿ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿವೆ ಎಂದು ಗೊತ್ತಾಯಿತು. ಆಗ ಅವರಿಗೆ 52 ವರ್ಷ. ಅಲ್ಲಿಂದ ಮುಂದೆ ಮನೆಯಲ್ಲಿ ಏನೇನಾಯಿತು ಎಂಬುದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ, ಆಸ್ಪತ್ರೆಗಳ ಹೆಸರೂ ಬೇಡ ಎಂದರು. "ಆದ್ರೆ ನಾವು ಎಲ್ಲಿ ತಪ್ಪಿದ್ವಿ ಅನ್ನೋದನ್ನ ಬಿಡಬೇಡ ಕಣೋ" ಎಂದರು.

ನಾವು ತಪ್ಪಿದ್ದು ಮೊದಲ ಎರಡು ತಿಂಗಳಲ್ಲಿ. ಅದನ್ನೇ ಜಾಸ್ತಿ ಬರೆಯುತ್ತೇನೆ.

ರಿಪೋರ್ಟ್ ಬಂದ ದಿನ

ಆ ವರ್ಷ ಸಂಕ್ರಾಂತಿ ಹೊತ್ತಿಗೇ ಭಾವನ ಕಾಲು ಊದಿಕೊಳ್ಳುತ್ತಿತ್ತು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಬೆಳಿಗ್ಗೆ ಎದ್ದರೆ ಕಣ್ಣಿನ ಸುತ್ತ ಊತ. ಅಟ್ಟ ಹತ್ತಿದರೆ ಏದುಸಿರು. ಊಟ ರುಚಿಸುತ್ತಿರಲಿಲ್ಲ, ಮೈಯೆಲ್ಲ ನವೆ. ಬಿಸಿಲಲ್ಲಿ ಕೆಲಸ ಮಾಡಿ ಸುಸ್ತಾಗಿದೆ ಅಂದುಕೊಂಡರು. ಎಂಟು ವರ್ಷದ ಹಿಂದೆಯೇ ಬಿಪಿ ಇದೆ ಎಂದು ಹೇಳಿದ್ದರು. ಮಾತ್ರೆ ತೆಗೆದುಕೊಳ್ಳುತ್ತಿದ್ದದ್ದು ತಲೆ ಸುತ್ತಿದ ದಿನ ಮಾತ್ರ. ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ತಾವೇ ಮಾತ್ರೆ ತಂದು ನುಂಗುವುದು ಎಷ್ಟೋ ವರ್ಷದ ಅಭ್ಯಾಸ.

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ಕಸ, 6.8 ಬಂತು. ಗಂಡಸರಿಗೆ ಅದು 1.2ರ ಆಸುಪಾಸು ದಾಟಬಾರದು. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಹೇಳುವ ಇಜಿಎಫ್‌ಆರ್ 9. ಅಂದರೆ ಸುಮಾರಾಗಿ ನೂರರಲ್ಲಿ ಒಂಬತ್ತು ಭಾಗ ಕೆಲಸ ಉಳಿದಿದೆ ಎಂದು ಲೆಕ್ಕ. 15ಕ್ಕಿಂತ ಕೆಳಗೆ ಹೋದರೆ ಐದನೇ ಹಂತ, ಅಂದರೆ ಕೊನೆಯ ಹಂತ. ಹಿಮೋಗ್ಲೋಬಿನ್ 8. ಬಿಪಿ 180ಕ್ಕೆ 110. ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ಏಳೂವರೆ ಸೆಂಟಿಮೀಟರ್‌ಗೆ ಕುಗ್ಗಿದ್ದವು. ಇರಬೇಕಾದದ್ದು 9ರಿಂದ 11. ಹೀಗೆ ಕುಗ್ಗಿದ್ದರೆ ರೋಗ ವರ್ಷಗಳಿಂದ ಇದೆ ಎಂದೇ ಅರ್ಥ, ಈಗ ಬಯಾಪ್ಸಿ ಮಾಡಿ ಪ್ರಯೋಜನ ಕಡಿಮೆ ಎಂದರು ಡಾಕ್ಟರು.

"ಯಾತಕ್ಕೆ ಹೀಗಾಯ್ತು ಸಾರ್?" ಎಂದು ಅಕ್ಕ ಮೂರು ಸಲ ಕೇಳಿದಳು. ಬಿಪಿ ಜಾಸ್ತಿಯಾದರೆ ಕಿಡ್ನಿ ಕೆಡುತ್ತದೆ. ಕಿಡ್ನಿ ಕೆಟ್ಟರೂ ಬಿಪಿ ಜಾಸ್ತಿಯಾಗುತ್ತದೆ. ನೋವಿನ ಮಾತ್ರೆಯದ್ದೂ ಪಾಲು ಇರಬಹುದು. ಯಾವುದು ಮೊದಲು ಎಂದು ಈಗ ಹೇಳಲು ಆಗುವುದಿಲ್ಲ ಎಂದರು. ಅಕ್ಕನಿಗೆ ಆ ಉತ್ತರ ಸಾಲಲಿಲ್ಲ. ಕಾರಣ ಸಿಕ್ಕರೆ ಪರಿಹಾರವೂ ಸಿಗುತ್ತದೆ ಎಂಬ ಆಸೆ ಅವಳದು.

ಡಾಕ್ಟರು ಆಮೇಲೆ ಹೇಳಿದ ಮಾತು ನನಗೆ ಇವತ್ತೂ ಹಾಗೇ ನೆನಪಿದೆ. "ಡಯಾಲಿಸಿಸ್ ಇವತ್ತೇ ಬೇಡ. ಮಾತ್ರೆ, ಪಥ್ಯದಲ್ಲಿ ಇನ್ನಷ್ಟು ದಿನ ನೋಡೋಣ. ಆದರೆ ಎಡಗೈಗೆ ಫಿಸ್ಟುಲಾ ಈಗಲೇ ಮಾಡಿಸಿ. ಆ ಕೈಯಲ್ಲಿ ಇನ್ನು ಮೇಲೆ ಸೂಜಿ ಚುಚ್ಚಿಸಬೇಡಿ." ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು. ಅಷ್ಟಕ್ಕೇ ಮುಗಿಯಿತು.

ನಮ್ಮ ಕಿವಿಗೆ ಬಿದ್ದದ್ದು "ಡಯಾಲಿಸಿಸ್" ಎಂಬ ಒಂದೇ ಪದ.

ಫಿಸ್ಟುಲಾ ಎಂದರೆ ಏನು ಎಂದು ನಾನು ಆಮೇಲೆ ಕಲಿತೆ. ಮಣಿಕಟ್ಟಿನ ಹತ್ತಿರ ಒಂದು ರಕ್ತನಾಳವನ್ನು, ಅಂದರೆ ಹೃದಯದಿಂದ ಜೋರಾಗಿ ರಕ್ತ ತರುವ ಅಪಧಮನಿಯನ್ನು, ಪಕ್ಕದ ಮೆತ್ತಗಿನ ಅಭಿಧಮನಿಗೆ ಸೇರಿಸಿ ಹೊಲಿಯುತ್ತಾರೆ. ಜೋರಿನ ರಕ್ತ ನುಗ್ಗಿ ನುಗ್ಗಿ ಆ ಮೆತ್ತಗಿನ ನಾಳ ದಪ್ಪವಾಗುತ್ತದೆ, ಗಟ್ಟಿಯಾಗುತ್ತದೆ. ಡಯಾಲಿಸಿಸ್ ಮೆಷಿನ್ ನಿಮಿಷಕ್ಕೆ 250ರಿಂದ 300 ಮಿಲಿಲೀಟರ್ ರಕ್ತ ಎಳೆದು ಶುದ್ಧ ಮಾಡಿ ವಾಪಸ್ ಕೊಡುತ್ತದೆ. ಮಾಮೂಲಿ ನರಕ್ಕೆ ಸೂಜಿ ಹಾಕಿದರೆ ಅಷ್ಟು ರಕ್ತ ಸಿಗುವುದಿಲ್ಲ. 1966ರಲ್ಲಿ ನ್ಯೂಯಾರ್ಕಿನ ವೈದ್ಯರು ಈ ಉಪಾಯವನ್ನು ಪ್ರಕಟಿಸಿದರು. ಇವತ್ತಿಗೂ ಇದಕ್ಕಿಂತ ಒಳ್ಳೆಯ ದಾರಿ ಬಂದಿಲ್ಲ. ಆದರೆ ನಾಳ ಬಲಿಯಲು ಆರು ವಾರದಿಂದ ಮೂರು ತಿಂಗಳು ಬೇಕು. ಅದಕ್ಕೇ ಮೊದಲೇ ಮಾಡಿಸಿ ಎನ್ನುವುದು.

ಕಳೆದುಹೋದ ಎರಡು ತಿಂಗಳು

ಭಾವ ಫಿಸ್ಟುಲಾ ಬೇಡ ಎಂದರು. ಅಕ್ಕ ಬೇಡ ಎಂದಳು. ನಾನು ಓದಿದವನು, ನಾನೂ ಸುಮ್ನೆ ಇದ್ದೆ. ಕೈಗೆ ಆಪರೇಷನ್ ಮಾಡಿಸಿದರೆ ರೋಗವನ್ನು ಮನೆಗೆ ಕರೆದು ಚಾಪೆ ಹಾಸಿದ ಹಾಗೆ ಎಂದು ನಮ್ಮ ಮನಸ್ಸಿನಲ್ಲಿತ್ತು. ಮಾಡಿಸದಿದ್ದರೆ ಡಯಾಲಿಸಿಸ್ ಬರುವುದೇ ಇಲ್ಲ ಎಂಬಂತೆ ನಡೆದುಕೊಂಡೆವು.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: "ಡಯಾಲಿಸಿಸ್ ಒಂದ್ಸಲ ಹಿಡಿದ್ರೆ ಬಿಡಲ್ಲ. ಇರೋ ಕಿಡ್ನೀನೂ ಹೋಗುತ್ತೆ." ಈ ಮಾತು ಎಷ್ಟು ಮನೆಗಳನ್ನು ಕೆಡಿಸಿದೆಯೋ! ಹಾವು ಕಚ್ಚಿದಾಗ, ಇಲಿಜ್ವರ ಬಂದಾಗ, ವಾಂತಿಭೇದಿ ವಿಪರೀತವಾದಾಗ ಕಿಡ್ನಿ ಇದ್ದಕ್ಕಿದ್ದಂತೆ ನಿಲ್ಲುವುದುಂಟು. ಅಂಥವರಲ್ಲಿ ಎಷ್ಟೋ ಜನಕ್ಕೆ ಕೆಲವು ವಾರ ಡಯಾಲಿಸಿಸ್ ಮಾಡಿ ನಿಲ್ಲಿಸುತ್ತಾರೆ, ಕಿಡ್ನಿ ಚೇತರಿಸಿಕೊಳ್ಳುತ್ತದೆ. ಭಾವನದು ವರ್ಷಾನುಗಟ್ಟಲೆ ಸದ್ದಿಲ್ಲದೆ ಸವೆದ ಕಿಡ್ನಿ. ಅದು ಹೋದಮೇಲೆ ಮೆಷಿನ್ ಅದರ ಕೆಲಸ ಮಾಡುತ್ತದೆ. ಮೆಷಿನ್ ಬಂದದ್ದರಿಂದ ಕಿಡ್ನಿ ಹೋದದ್ದಲ್ಲ. ಈ ಎರಡರ ವ್ಯತ್ಯಾಸವನ್ನು ಆ ಮನೆಯಲ್ಲಿ ಯಾರಾದರೂ ಕೂತು ಹೇಳಿದ್ದರೆ ಚೆನ್ನಾಗಿತ್ತು.

ಯಾರೋ ಒಬ್ಬ ನಾಟಿ ವೈದ್ಯರ ವಿಳಾಸ ಕೊಟ್ಟರು. ಕಪ್ಪು ಪುಡಿ, ಒಂದು ಕಷಾಯ. ಬಿಪಿ ಮಾತ್ರೆ ನಿಲ್ಲಿಸಿ ಎಂದರು, ನಿಲ್ಲಿಸಿದರು. ಪುಡಿಯಲ್ಲಿ ಏನಿತ್ತೋ ದೇವರೇ ಬಲ್ಲ. ಬಾಳೆದಿಂಡಿನ ರಸ ಕುಡಿಯಿರಿ, ಎಳನೀರು ಕುಡಿಯಿರಿ, ಕಿಡ್ನಿ ತೊಳೆಯುತ್ತದೆ ಎಂದರು ಅಕ್ಕಪಕ್ಕದವರು. ಅವರು ಹೇಳುತ್ತಿದ್ದದ್ದು ಕಿಡ್ನಿ ಕಲ್ಲಿನ ಮದ್ದು. ಕಲ್ಲಿಗೂ ಕಿಡ್ನಿ ಸೋಲುವುದಕ್ಕೂ ಇರುವ ಅಂತರ ಯಾರಿಗೂ ಗೊತ್ತಿರಲಿಲ್ಲ. ಎಳನೀರಿನಲ್ಲೂ ಬಾಳೆದಿಂಡಿನಲ್ಲೂ ಪೊಟ್ಯಾಸಿಯಂ ತುಂಬಿರುತ್ತದೆ. ಒಳ್ಳೆಯ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕೆಟ್ಟ ಕಿಡ್ನಿಗೆ ಆಗುವುದಿಲ್ಲ, ರಕ್ತದಲ್ಲೇ ಉಳಿಯುತ್ತದೆ. ತೀರಾ ಜಾಸ್ತಿಯಾದರೆ ಹೃದಯ ನಿಲ್ಲಬಹುದು. ತೆಂಗಿನ ತೋಟದ ಮನೆ. ಪ್ರೀತಿಯಿಂದ ದಿನಕ್ಕೆ ಮೂರು ಎಳನೀರು ಕೆತ್ತಿ ಕೊಟ್ಟೆವು.

ಇನ್ನೊಂದನ್ನೂ ಬರೆಯಬೇಕು. ಆ ದಿನಗಳಲ್ಲಿ ನಾನು, ಅಕ್ಕ ಹಿತ್ತಲಲ್ಲಿ ನಿಂತು ಪಿಸುಮಾತು ಆಡುತ್ತಿದ್ದೆವು. ಭಾವನ ಮುಂದೆ "ಏನೂ ಇಲ್ಲ, ಸ್ವಲ್ಪ ಇನ್ಫೆಕ್ಷನ್" ಎನ್ನುತ್ತಿದ್ದೆವು. ಅವರು ಮೊಬೈಲಿನಲ್ಲಿ ಎಲ್ಲವನ್ನೂ ನೋಡಿಕೊಂಡಿದ್ದರು. ನಮಗೆ ಬೇಜಾರಾಗಬಾರದು ಎಂದು ಗೊತ್ತಿಲ್ಲದವರಂತೆ ಇದ್ದರು. ಒಂದೇ ಮನೆಯಲ್ಲಿ ಮೂರು ಜನ, ಮೂವರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ಅದು ಅವರಿಗೆ ರೋಗಕ್ಕಿಂತ ಕಷ್ಟವಾಗಿತ್ತಂತೆ.

ಏಪ್ರಿಲ್ ಎರಡನೇ ವಾರದ ಒಂದು ರಾತ್ರಿ ಅವರಿಗೆ ಮಲಗಲು ಆಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೆಳಗಿನ ಜಾವ ಕಾರು ಮಾಡಿಕೊಂಡು ಬೆಂಗಳೂರಿಗೆ ಕರೆದುಕೊಂಡು ಬಂದೆವು. ಶ್ವಾಸಕೋಶದಲ್ಲಿ ನೀರು. ಕ್ರಿಯಾಟಿನಿನ್ 11.4. ಪೊಟ್ಯಾಸಿಯಂ 7.1, ಅದು 5ರ ಒಳಗಿರಬೇಕು. ಕೈಯಲ್ಲಿ ದಾರಿ ಇರಲಿಲ್ಲವಲ್ಲ, ಕುತ್ತಿಗೆಗೆ ಪೈಪು ಹಾಕಿ ಡಯಾಲಿಸಿಸ್ ಶುರು ಮಾಡಿದರು.

ಫೆಬ್ರವರಿಯಲ್ಲೇ ಕೈ ತಯಾರು ಮಾಡಿಸಿದ್ದರೆ ಏಪ್ರಿಲ್ ಹೊತ್ತಿಗೆ ಅದು ಬಳಕೆಗೆ ಬರಬಹುದಿತ್ತು. ಡಯಾಲಿಸಿಸ್ ಇವತ್ತೇ ಬೇಡ ಎಂದು ಡಾಕ್ಟರು ಅಂದದ್ದು ಸರಿಯಾಗಿಯೇ ಇತ್ತು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಐಡಿಯಲ್ ಎಂಬ ಅಧ್ಯಯನದಲ್ಲಿ 828 ರೋಗಿಗಳಿದ್ದರು. ಬೇಗ ಡಯಾಲಿಸಿಸ್ ಶುರು ಮಾಡಿದವರು ಹೆಚ್ಚು ಕಾಲ ಬದುಕಿದರು ಎಂದೇನೂ ಅದರಲ್ಲಿ ಕಾಣಲಿಲ್ಲ. ಹಾಗಾಗಿ ಬರೀ ನಂಬರ್ ನೋಡಿ ಶುರು ಮಾಡುವುದಿಲ್ಲ, ಉಸಿರು, ಊತ, ವಾಂತಿ, ಪೊಟ್ಯಾಸಿಯಂ ನೋಡಿ ಶುರು ಮಾಡುತ್ತಾರೆ. ಡಯಾಲಿಸಿಸ್ ಕಾಯಬಹುದು. ಕೈ ಕಾಯುವ ಹಾಗಿಲ್ಲ. ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ಕಾಮಾಲೆಯ ಲಸಿಕೆಯದ್ದೂ ಹಾಗೇ. ಕಿಡ್ನಿ ರೋಗಿಗಳಿಗೆ ದುಪ್ಪಟ್ಟು ಪ್ರಮಾಣದಲ್ಲಿ ಕೊಡುತ್ತಾರೆ, ಪೂರ್ತಿಯಾಗಲು ತಿಂಗಳುಗಳು ಬೇಕು. ಆ ಎರಡು ತಿಂಗಳಲ್ಲಿ ಅದನ್ನೂ ಶುರು ಮಾಡಬಹುದಿತ್ತು.

ಕುತ್ತಿಗೆಯ ಪೈಪು, ಮತ್ತು ಒಂದು ಮಾತು

ಎರಡು ವಾರದ ಮೇಲೆ ತಾತ್ಕಾಲಿಕ ಪೈಪು ತೆಗೆದು, ಎದೆಯ ಚರ್ಮದ ಕೆಳಗೆ ಹಾಯಿಸುವ, ಹೆಚ್ಚು ಕಾಲ ಇಡಬಹುದಾದ ಪರ್ಮ್‌ಕ್ಯಾತ್ ಎಂಬ ಪೈಪು ಹಾಕಿದರು. ಅದು ಇರುವವರೆಗೆ ತಲೆಸ್ನಾನ ಕಷ್ಟ. ಪೈಪು ನೇರವಾಗಿ ಹೃದಯದ ಹತ್ತಿರಕ್ಕೇ ಹೋಗುತ್ತದೆ, ಸೋಂಕು ತಗುಲಿದರೆ ರಕ್ತಕ್ಕೇ ತಗುಲುತ್ತದೆ. ಜೂನ್‌ನಲ್ಲಿ ಹಾಗೇ ಆಯಿತು. ಡಯಾಲಿಸಿಸ್ ನಡೆಯುತ್ತಿರುವಾಗಲೇ ಗಡಗಡ ನಡುಕ, ಜ್ವರ. ಆರು ದಿನ ಆಸ್ಪತ್ರೆ. ಫಿಸ್ಟುಲಾ ಬೇಡ ಎಂದದ್ದಕ್ಕೆ ಕೊಟ್ಟ ಬೆಲೆ ಅದು.

ಆ ತಿಂಗಳುಗಳಲ್ಲಿ ಭಾವ ತೋಟಕ್ಕೆ ಹೋಗುವುದನ್ನು ಬಿಟ್ಟಿದ್ದರು. ಜಗುಲಿಯಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದರು. "ನನ್ನಿಂದ ನಿಮಗೆಲ್ಲ ಭಾರ. ಬಿಟ್ಬಿಡಿ" ಎಂದು ಒಂದು ರಾತ್ರಿ ಅಕ್ಕನಿಗೆ ಹೇಳಿದರಂತೆ. ಅಕ್ಕ ನನಗೆ ಫೋನ್ ಮಾಡಿ ಅತ್ತಳು. ಆಸ್ಪತ್ರೆಯಲ್ಲಿ ಈ ವಿಷಯ ಹೇಳಿ ಎಂದು ನಾನು ಒತ್ತಾಯ ಮಾಡಿದೆ. ಹೇಳಿದ್ದು ಒಳ್ಳೆಯದಾಯಿತು. ಡಾಕ್ಟರು ಮನೋವೈದ್ಯರ ಹತ್ತಿರ ಕಳಿಸಿದರು. ಮನಸ್ಸು ಕುಗ್ಗುವುದು ಈ ರೋಗದಲ್ಲಿ ಬಹಳ ಸಾಮಾನ್ಯ, ಅದಕ್ಕೂ ಚಿಕಿತ್ಸೆ ಇದೆ. ಯಾರ ಮನೆಯಲ್ಲಾದರೂ ಇಂಥ ಮಾತು ಬಂದರೆ ದಯವಿಟ್ಟು ಮುಚ್ಚಿಡಬೇಡಿ, ಆಸ್ಪತ್ರೆಯಲ್ಲಿ ಹೇಳಿ.

ಆದರೆ ಭಾವನನ್ನು ಎಬ್ಬಿಸಿ ಕೂರಿಸಿದ್ದು ಪಕ್ಕದ ಹಾಸಿಗೆಯವರು. ಅರವತ್ತು ದಾಟಿದ ಒಬ್ಬ ನಿವೃತ್ತ ಮೇಷ್ಟ್ರು. ಒಂಬತ್ತು ವರ್ಷದಿಂದ ಡಯಾಲಿಸಿಸ್‌ನಲ್ಲಿದ್ದಾರೆ. ಒಬ್ಬರೇ ಬಸ್ಸಿನಲ್ಲಿ ಬರುತ್ತಿದ್ದರು, ಟವೆಲ್ ಮತ್ತು ತಿಂಡಿ ಡಬ್ಬಿ ಇರುವ ಒಂದು ಚೀಲ ಹಿಡಿದು. ಭಾವನ ಕುತ್ತಿಗೆ ನೋಡಿ, "ಯಾಕ್ರೀ, ಕೈ ಮಾಡಿಸಿಲ್ವಾ?" ಎಂದು ಕೇಳಿದರು. ಭಾವ ಏನೂ ಹೇಳಲಿಲ್ಲ. ಮೇಷ್ಟ್ರು ಅಂಗಿಯ ತೋಳು ಮಡಚಿ ತಮ್ಮ ಎಡಗೈ ಚಾಚಿದರು. ಹಗ್ಗದ ಹಾಗೆ ಉಬ್ಬಿದ ನಾಳ. "ಮುಟ್ಟಿ ನೋಡ್ರಿ" ಎಂದರು.

ಭಾವ ಮುಟ್ಟಿದರು. ಒಳಗೆ ಗುಯ್ ಎಂದು ಅದುರುತ್ತಿತ್ತು. "ಮೋಟ್ರು ಓಡೋವಾಗ ಪೈಪಿನ ಮೇಲೆ ಕೈ ಇಟ್ಟಂಗೈತಲ್ಲ" ಎಂದರು. ಎಷ್ಟೋ ದಿನದ ಮೇಲೆ ಅವರು ತಾವಾಗಿ ಆಡಿದ ಮಾತು ಅದು. ಆ ಮಧ್ಯಾಹ್ನವೇ ನನಗೆ ಹೇಳಿದರು: "ಡಾಕ್ಟರ್ ಹತ್ರ ದಿನ ಕೇಳಿ ಬಾ."

ಜೂನ್‌ನ ಆ ಸೋಂಕಿಗೆ ಮೊದಲೇ, ಮೇ ತಿಂಗಳಲ್ಲಿ ಫಿಸ್ಟುಲಾ ಆಯಿತು. ಕೈಗೆ ಮಾತ್ರ ಮರಗಟ್ಟುವ ಇಂಜೆಕ್ಷನ್, ಸುಮಾರು ಒಂದು ಗಂಟೆಯ ಕೆಲಸ. ಗಾಯ ಒಣಗಿದ ಮೇಲೆ ಮೆತ್ತಗಿನ ಚೆಂಡು ಹಿಚುಕುವ ವ್ಯಾಯಾಮ. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಭಾರ ಎತ್ತಬಾರದು, ಗಡಿಯಾರ ಕಟ್ಟಬಾರದು, ಆ ಕಡೆ ಮಗ್ಗುಲಾಗಿ ಮಲಗಬಾರದು. ಬೆಳಿಗ್ಗೆ ಎದ್ದ ತಕ್ಷಣ ಮುಟ್ಟಿ ನೋಡಬೇಕು. ಅದುರು ನಿಂತಿದ್ದರೆ ಅವತ್ತೇ ಆಸ್ಪತ್ರೆಗೆ ಓಡಬೇಕು, ಗಂಟೆ ಕಳೆದಷ್ಟೂ ಉಳಿಸಿಕೊಳ್ಳುವುದು ಕಷ್ಟ. ಸೋಂಕಿನ ಗಲಾಟೆಯೂ ನಡುವೆ ಬಂದು ಹೋಯಿತು. ಜುಲೈ ಕೊನೆಯಲ್ಲಿ ಕೈಗೆ ಸೂಜಿ ಹಾಕಿದರು, ಕುತ್ತಿಗೆಯ ಪೈಪು ತೆಗೆದರು. ಅವತ್ತು ಸಂಜೆ ಭಾವ ತಲೆಗೆ ನೀರು ಹಾಕಿಕೊಂಡರು.

ಅಕ್ಕನ ಅಡುಗೆಮನೆ

ಪಥ್ಯ ಎಂದರೆ ಕಾಗದದಲ್ಲಿ ಬರೆದು ಕೊಡುತ್ತಾರೆ. ಅದನ್ನು ನಮ್ಮೂರ ಅಡುಗೆಗೆ ಹೊಂದಿಸಿದ್ದು ಅಕ್ಕ. ತರಕಾರಿಯ ಪೊಟ್ಯಾಸಿಯಂ ಕಡಿಮೆ ಮಾಡಲು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಬೇಕು. ಬಸಿದ ನೀರನ್ನು ಚೆಲ್ಲುವುದೇ? ನಮ್ಮ ಕಡೆ ಬಸ್ಸಾರು ಮಾಡುವುದೇ ಆ ನೀರಿನಿಂದ. ಒಂದು ವಾರ ಮನಸ್ಸಿಲ್ಲದೆ ಚೆಲ್ಲಿದಳು. ಆಮೇಲೆ ಅವಳಿಗೇ ಹೊಳೆಯಿತು. ಹುರುಳಿಕಾಯಿ ಬೇಯಿಸಿ ಬಸಿದು, ಪಲ್ಯ ಭಾವನಿಗೆ, ಬಸಿದ ನೀರಿನ ಸಾರು ಉಳಿದವರಿಗೆ. ಒಂದೇ ಒಲೆ, ಒಂದೇ ಅಡುಗೆ. ಭಾವನಿಗೆ ಬೇರೆ ಪಾತ್ರೆ ಇಟ್ಟ ಹಾಗೂ ಆಗಲಿಲ್ಲ.

ಮುದ್ದೆ ಪೂರ್ತಿ ಬಿಡಿಸಲಿಲ್ಲ. ವಾರಕ್ಕೆ ಎರಡು ಸಲ, ಸಣ್ಣದು, ಉಳಿದ ದಿನ ಅನ್ನ ಎಂದರು ನಮ್ಮ ಡಯಟೀಷಿಯನ್. ಉಪ್ಪಿನಕಾಯಿ, ಹಪ್ಪಳ ಹೋಯಿತು. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪು ತಂದಿದ್ದೆ, ವಾಪಸ್ ಕೊಟ್ಟೆ. ಅಂಥ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಮಲೆನಾಡಿನ ನೆಂಟರು ದಾರೆಹುಳಿ (ಸ್ಟಾರ್ ಫ್ರೂಟ್) ಕಳಿಸಿದಾಗಲೂ ಹಿಂದೆ ಕಳಿಸಿದೆವು. ಕಿಡ್ನಿ ಸೋತವರಿಗೆ ಆ ಹಣ್ಣು ನೇರ ವಿಷ, ಬಿಕ್ಕಳಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಬೇಳೆ, ಮೊಟ್ಟೆ ಕಡಿಮೆ ಮಾಡಿ ಎಂದು ಮೊದಲು ಹೇಳಿದ್ದರು. ಡಯಾಲಿಸಿಸ್ ಶುರುವಾದ ಮೇಲೆ ಮೊಟ್ಟೆಯ ಬಿಳಿ ಜಾಸ್ತಿ ತಿನ್ನಿ ಎಂದರು. ಅಕ್ಕನಿಗೆ ಗೊಂದಲವಾಯಿತು. ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಸ್ವಲ್ಪ ಸೋರಿಹೋಗುತ್ತದೆ, ಅದನ್ನು ತುಂಬಬೇಕು. ಪಥ್ಯ ರೋಗದ ಹಂತಕ್ಕೆ ತಕ್ಕಂತೆ ಬದಲಾಗುತ್ತದೆ. ಇನ್ನೊಬ್ಬ ರೋಗಿಯ ಪಥ್ಯ ನೋಡಿ ಮಾಡಬಾರದು ಎನ್ನುವುದು ಇದಕ್ಕೇ.

ನೀರಿನದ್ದೇ ದೊಡ್ಡ ಕಷ್ಟ. ಹಿಂದಿನ ದಿನ ಎಷ್ಟು ಮೂತ್ರ ಹೋಗಿದೆಯೋ ಅಷ್ಟು, ಅದರ ಮೇಲೆ ಅರ್ಧ ಲೀಟರ್. ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ. ಭಾವನ ಪಾಲಿಗೆ ಬಂದದ್ದು ಮುಕ್ಕಾಲು ಲೀಟರ್. ಮೆಷಿನ್‌ಗೆ ಒಂದು ಸಲಕ್ಕೆ 120 ಲೀಟರ್ ಶುದ್ಧ ನೀರು ಬೇಕು ಎಂದು ಟೆಕ್ನಿಷಿಯನ್ ಹೇಳಿದಾಗ ಅವರು ಬಹಳ ಹೊತ್ತು ಆ ಮೆಷಿನ್ನನ್ನೇ ನೋಡಿದರು. ಕೊಬ್ಬರಿ ತೂಕ ಬರೆಯುತ್ತಿದ್ದ ಪುಸ್ತಕದ ಹಿಂದಿನ ಪುಟಗಳಲ್ಲಿ ಈಗ ಅವರ ಮೈತೂಕ ಇದೆ. ದಿನಾ ಬೆಳಿಗ್ಗೆ ಅವರೇ ಬರೆಯುತ್ತಾರೆ. ಎರಡು ಡಯಾಲಿಸಿಸ್ ನಡುವೆ ತೂಕದ ಏರಿಕೆ ಎರಡು ಕೆಜಿ ದಾಟಬಾರದು ಎಂದು ಅವರೇ ಗೆರೆ ಹಾಕಿಕೊಂಡಿದ್ದಾರೆ. ತಮ್ಮ ಲೆಕ್ಕ ತಮ್ಮ ಕೈಗೆ ಬಂದ ದಿನದಿಂದ ಅವರು ಬದಲಾದರು. ನಾವು ಬಚ್ಚಿಟ್ಟುಕೊಂಡು ಓಡಾಡಿದ್ದ ಅದೇ ರಿಪೋರ್ಟುಗಳನ್ನು ಈಗ ಅವರೇ ಓದಿ ನಮಗೆ ಹೇಳುತ್ತಾರೆ.

ದುಡ್ಡು, ದೂರ

ಮೊದಲ ತಿಂಗಳು ಬೆಂಗಳೂರಿನಲ್ಲಿ ಕೈಯಿಂದ ಹಣ ಕಟ್ಟಿದೆವು. ಅಟ್ಟದ ಕೊಬ್ಬರಿ ಅರ್ಧ ಬೆಲೆಗೆ ಹೋಯಿತು. ತಾಲ್ಲೂಕು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದೆ ಎಂದು ನಮಗೆ ತಡವಾಗಿ ಗೊತ್ತಾಯಿತು. ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಿಂದ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ದೊಡ್ಡ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ಮಾಡಿಸಿಕೊಳ್ಳಿ. ತುರ್ತಿನ ರಾತ್ರಿಯಲ್ಲಿ ಕಾಗದ ಹುಡುಕುವುದು ಬೇಡ.

ಮೊದಲು ವಾರಕ್ಕೆ ಎರಡೇ ಸರದಿ ಸಿಕ್ಕಿತು. ಈಗ ಮೂರು, ಒಂದೊಂದೂ ನಾಲ್ಕು ಗಂಟೆ. ಹೊಟ್ಟೆಗೆ ಟ್ಯೂಬ್ ಹಾಕಿ ಮನೆಯಲ್ಲೇ ದಿನಕ್ಕೆ ಮೂರು-ನಾಲ್ಕು ಸಲ ಮಾಡಿಕೊಳ್ಳುವ ಡಯಾಲಿಸಿಸ್ ಕೂಡ ಇದೆ. ದೂರದ ಹಳ್ಳಿಯವರಿಗೆ ಅದು ಅನುಕೂಲ. ಭಾವನಿಗೆ ಮನೆಯಲ್ಲಿ ದಿನವೂ ಅದೇ ಧ್ಯಾನ ಆಗುತ್ತದೆ ಎನಿಸಿ ಬೇಡ ಎಂದರು.

ಕಿಡ್ನಿ ಯಾರು ಕೊಡಬೇಕು

"ನಂದು ತಗೊಳ್ರೀ" ಎಂದು ಅಕ್ಕ ಮೊದಲ ದಿನವೇ ಹೇಳಿದ್ದಳು. ಅವಳದು ಬಿ ಗುಂಪು, ಭಾವನದು ಓ. ಹೊಂದುವುದಿಲ್ಲ. ಅವಳಿಗೆ ಅದು ದೊಡ್ಡ ಪೆಟ್ಟು. ಇದೇ ರೀತಿ ಹೊಂದದ ಇನ್ನೊಂದು ಜೋಡಿ ಸಿಕ್ಕರೆ ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿಯಾದ ಮೇಲೆ ಕಾನೂನಿನಲ್ಲಿ ಅವಕಾಶವಿದೆ. ಅದಕ್ಕೆ ಹೆಸರು ಕೊಟ್ಟಿದ್ದೇವೆ. ಮಿದುಳು ಸತ್ತವರ ಕುಟುಂಬ ದಾನ ಮಾಡುವ ಕಿಡ್ನಿಗೆ ಆಸ್ಪತ್ರೆಯ ಮೂಲಕ, ರಾಜ್ಯದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲೂ ಹೆಸರಿದೆ. ಆ ಸಾಲು ಉದ್ದ.

ಭಾವನಿಗೆ ಒಬ್ಬ ತಮ್ಮ ಇದ್ದಾರೆ, ತುಮಕೂರಿನಲ್ಲಿ. ಓ ಗುಂಪು. ನೆಂಟರೆಲ್ಲ ಅವರ ಕಡೆ ನೋಡತೊಡಗಿದರು. ಅವರಿಗೆ ಇಬ್ಬರು ಸಣ್ಣ ಮಕ್ಕಳು. ಹೆಂಡತಿಗೆ ಹೆದರಿಕೆ. ಭಾವ ನಮ್ಮನ್ನೆಲ್ಲ ಕೂರಿಸಿ, "ಅವನನ್ನ ಯಾರೂ ಕೇಳಕೂಡದು. ಕೇಳಿದ್ರೆ ನಾನು ಕಿಡ್ನೀನೇ ಹಾಕಿಸ್ಕೊಳಲ್ಲ" ಎಂದರು. ಇದು ಸರಿ ಎಂದು ನನಗೂ ಅನಿಸುತ್ತದೆ. ಕೊಡುವವರಿಗೆ ಬೇಡ ಎನ್ನುವ ಹಕ್ಕು ಇರಬೇಕು. ಆಸ್ಪತ್ರೆಯ ಕೋಆರ್ಡಿನೇಟರ್ ಕೂಡ ಹೇಳಿದರು: ದಾನಿಯನ್ನು ನಾವು ಒಬ್ಬರನ್ನೇ ಕೂರಿಸಿ ಕೇಳುತ್ತೇವೆ, ಅವರು ಮನಸ್ಸಿಲ್ಲ ಎಂದರೆ ಮನೆಯವರಿಗೆ ಹೊಂದಾಣಿಕೆ ಆಗುತ್ತಿಲ್ಲ ಎಂದಷ್ಟೇ ಹೇಳುತ್ತೇವೆ.

ಎರಡು ವರ್ಷ ಯಾರೂ ಕೇಳಲಿಲ್ಲ. ಕಳೆದ ಯುಗಾದಿಗೆ ಆ ತಮ್ಮ ಹೆಂಡತಿಯ ಜೊತೆ ಬಂದರು. ಊಟವಾದ ಮೇಲೆ ಅಣ್ಣನ ಎಡಗೈ ಹಿಡಿದು ಸುಮಾರು ಹೊತ್ತು ಸುಮ್ಮನೆ ಕೂತಿದ್ದರು. "ಟೆಸ್ಟ್ ಮಾಡಿಸ್ತೀನಿ. ಆಗುತ್ತೋ ಇಲ್ವೋ ಈಗ ಹೇಳಲ್ಲ" ಎಂದರು. ಭಾವ ತಲೆಯಾಡಿಸಿದರು. ಆ ಹೆಣ್ಣುಮಗಳು ಅಕ್ಕನ ಜೊತೆ ಅಡುಗೆಮನೆಗೆ ಹೋಗಿ ಕೇಳಬೇಕಾದದ್ದನ್ನೆಲ್ಲ ಕೇಳಿದರು. ಒಂದೇ ಕಿಡ್ನಿಯಲ್ಲಿ ಬದುಕಬಹುದಾ, ಆಮೇಲೆ ದುಡಿಯಬಹುದಾ, ಹಾಕಿಸಿಕೊಂಡವರು ಜೀವನಪೂರ್ತಿ ಮಾತ್ರೆ ನುಂಗಬೇಕಂತೆ, ನಿಜವಾ ಎಂದು. ಅಕ್ಕ ಗೊತ್ತಿದ್ದಷ್ಟು ಹೇಳಿದಳು. ಉಳಿದದ್ದಕ್ಕೆ ಡಾಕ್ಟರ ನಂಬರ್ ಕೊಟ್ಟಳು.

ಪರೀಕ್ಷೆಗಳಿಗೆ ದಿನ ಗೊತ್ತಾಗಿದೆ. ಅಲ್ಲಿವರೆಗೆ ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರಕ್ಕೆ ಮೊದಲ ಸರದಿ. ಅಕ್ಕ ಐದಕ್ಕೆ ಎದ್ದು ಮೊದಲು ಭಾವನ ಮಣಿಕಟ್ಟು ಮುಟ್ಟಿ ನೋಡುತ್ತಾಳೆ, ಆಮೇಲೆ ಒಲೆ ಹಚ್ಚುತ್ತಾಳೆ.